ಆ್ಯಪ್ ಬರೆಯುವವರ ಪಂಚಾಂಗ

ಮೊಬೈಲ್ ಆ್ಯಪ್ ಬರೆಯುವ ಡೆವಲಪರ್‌ಗೆ ಹೊಸ ವರ್ಷ ಶುರುವಾಗುವುದು ಜನವರಿಯಲ್ಲಲ್ಲ, ಯುಗಾದಿಗೂ ಅಲ್ಲ, ಮೇ–ಜೂನ್‌ನಲ್ಲಿ. ಮೇ ತಿಂಗಳಲ್ಲಿ ಗೂಗಲ್ ತನ್ನ ಐ/ಓ ಸಮಾವೇಶ ನಡೆಸುತ್ತದೆ. ಜೂನ್‌ನಲ್ಲಿ ಆ್ಯಪಲ್ ಕಂಪನಿಯ ಡಬ್ಲ್ಯುಡಬ್ಲ್ಯುಡಿಸಿ ಸಮಾವೇಶ ನಡೆಯುತ್ತದೆ. ಮುಂದಿನ ಆಂಡ್ರಾಯ್ಡ್ ಹೇಗಿರುತ್ತದೆ, ಮುಂದಿನ ಐಓಎಸ್‌ನಲ್ಲಿ ಏನು ಹೊಸದು, ಯಾವ ಹಳೆಯ ಸೌಲಭ್ಯಕ್ಕೆ ಕೊನೆಗಾಲ ಬಂತು ಎಂಬುದೆಲ್ಲ ಅಲ್ಲಿ ಗೊತ್ತಾಗುತ್ತದೆ. ಹೊಸ ಐಓಎಸ್ ಸಾಮಾನ್ಯವಾಗಿ ಸೆಪ್ಟೆಂಬರ್‌ನಲ್ಲಿ ಬಳಕೆದಾರರ ಕೈಸೇರುತ್ತದೆ. ನಡುವಿನ ಮೂರು ತಿಂಗಳಲ್ಲಿ ಪರೀಕ್ಷಾರ್ಥ ಆವೃತ್ತಿಯ ಮೇಲೆ ಆ್ಯಪನ್ನು ಓಡಿಸಿ, ಮುರಿದದ್ದನ್ನು ಸರಿಪಡಿಸಿಕೊಳ್ಳಬೇಕು.

ಆದ್ದರಿಂದಲೇ ಆ್ಯಪ್ ಎಂಬುದು ಒಮ್ಮೆ ಬರೆದು ಕೈತೊಳೆದುಕೊಳ್ಳುವ ಕೆಲಸವಲ್ಲ. ಆ್ಯಪ್ ನಡೆಯುವ ವ್ಯವಸ್ಥೆ ಬೇರೆಯವರದು. ಅದರ ಒಡೆಯರು ವರ್ಷಕ್ಕೊಮ್ಮೆ ನಿಯಮ ತಿದ್ದುತ್ತಾರೆ. ವರ್ಷಗಟ್ಟಲೆ ಯಾರೂ ಕೈಹಾಕದ ಆಂಡ್ರಾಯ್ಡ್ ಆ್ಯಪ್, ಅದರಲ್ಲಿ ಒಂದು ತಪ್ಪೂ ಇಲ್ಲದಿದ್ದರೂ, ಹೊಸ ಫೋನ್ ಕೊಂಡವರಿಗೆ ಪ್ಲೇ ಸ್ಟೋರ್‌ನಲ್ಲಿ ಕಾಣಿಸುವುದೇ ಇಲ್ಲ. ಈ ಕಸುಬಿನಲ್ಲಿ ಸಮಾವೇಶಗಳಿಗೆ ಬೇರೆ ಕಸುಬುಗಳಲ್ಲಿಲ್ಲದ ತೂಕ ಬಂದದ್ದು ಇದರಿಂದಲೇ. ಅಲ್ಲಿ ಪ್ರಕಟವಾಗುವುದು ಬರೀ ಸುದ್ದಿಯಲ್ಲ, ಮುಂದಿನ ವರ್ಷದ ಕೆಲಸದ ಪಟ್ಟಿ.

ಮೊದಲ ಐಫೋನ್ ಬಂದಾಗ ಹೊರಗಿನವರು ಆ್ಯಪ್ ಬರೆಯುವ ದಾರಿಯೇ ಇರಲಿಲ್ಲ. 2007ರ ಜೂನ್ 11ರಂದು ಸ್ಯಾನ್ ಫ್ರಾನ್ಸಿಸ್ಕೊದ ಡಬ್ಲ್ಯುಡಬ್ಲ್ಯುಡಿಸಿ ವೇದಿಕೆಯಲ್ಲಿ ಸ್ಟೀವ್ ಜಾಬ್ಸ್ ಡೆವಲಪರ್‌ಗಳಿಗೆ ತೋರಿಸಿದ್ದು ಸಫಾರಿ ಬ್ರೌಸರನ್ನು. ಜಾಲಪುಟದಂತೆ ಬರೆದು ಬ್ರೌಸರ್‌ನಲ್ಲಿ ಓಡಿಸಿ ಎಂಬುದು ಅದರ ತಾತ್ಪರ್ಯ. ಸಭೆಯಲ್ಲಿದ್ದವರಿಗೆ ಅದು ಸಿಹಿಸುದ್ದಿಯೇನೂ ಆಗಿರಲಿಲ್ಲ. ಆದರೂ ಸುಮ್ಮನೆ ಕೂರದವರು ಫೋನ್ ಮಾರುಕಟ್ಟೆಗೆ ಬಂದ ಮರುವಾರವೇ, ಜುಲೈ 6ರಿಂದ 8ರವರೆಗೆ, ಅದೇ ಊರಿನ ಅಡೋಬಿ ಕಚೇರಿಯಲ್ಲಿ ಐಫೋನ್‌ಡೆವ್‌ಕ್ಯಾಂಪ್ ಎಂಬ ಕೂಟ ಸೇರಿಸಿದರು. ಅಕ್ಟೋಬರ್ 17ರಂದು ಜಾಬ್ಸ್ ಬಹಿರಂಗ ಪತ್ರ ಬರೆದು ಮನಸ್ಸು ಬದಲಿಸಿದ್ದನ್ನು ತಿಳಿಸಿದರು. 2008ರ ಮಾರ್ಚ್ 6ರಂದು ಎಸ್‌ಡಿಕೆ, ಅಂದರೆ ಆ್ಯಪ್ ತಯಾರಿಕೆಯ ಸಲಕರಣೆಗಳ ಕಟ್ಟು, ಪ್ರಕಟವಾಯಿತು. ಜುಲೈ 10ರಂದು ಆ್ಯಪ್ ಸ್ಟೋರ್ ಸುಮಾರು 500 ಆ್ಯಪ್‌ಗಳೊಂದಿಗೆ ತೆರೆಯಿತು. ಮೊದಲ ವಾರಾಂತ್ಯದಲ್ಲೇ ಒಂದು ಕೋಟಿ ಡೌನ್‌ಲೋಡ್ ಆಯಿತು.

ಮಾರಾಟದ ಹಣದಲ್ಲಿ ಡೆವಲಪರ್‌ಗೆ ಶೇ 70, ಅಂಗಡಿಗೆ ಶೇ 30 ಎಂಬುದು ಆಗಿನ ಲೆಕ್ಕ. ವರ್ಷಕ್ಕೆ 99 ಡಾಲರ್ ಸದಸ್ಯತ್ವ ಶುಲ್ಕ. ಇದರ ಜೊತೆಗೆ ಇಂದು ನೆನೆದರೆ ವಿಚಿತ್ರವೆನಿಸುವ ಷರತ್ತೊಂದಿತ್ತು. ಎಸ್‌ಡಿಕೆ ಗೋಪ್ಯತಾ ಒಪ್ಪಂದಕ್ಕೆ ಒಳಪಟ್ಟಿದ್ದರಿಂದ ಒಬ್ಬ ಡೆವಲಪರ್ ಕಲಿತದ್ದನ್ನು ಇನ್ನೊಬ್ಬರಿಗೆ ಬಹಿರಂಗವಾಗಿ ಹೇಳುವಂತಿರಲಿಲ್ಲ. ಲಕ್ಷಾಂತರ ಜನ ಆ್ಯಪ್ ಬಳಸುತ್ತಿದ್ದರೂ ಅದನ್ನು ಬರೆಯುವ ಬಗೆಯ ಪುಸ್ತಕ ಅಂಗಡಿಗೆ ಬರುವಂತಿರಲಿಲ್ಲ. 2008ರ ಅಕ್ಟೋಬರ್ 1ರಂದು ಆ್ಯಪಲ್ ಈ ನಿರ್ಬಂಧ ಸಡಿಲಿಸಿದ ಮೇಲೆಯೇ ಐಫೋನ್ ಡೆವಲಪರ್‌ಗಳ ನಡುವೆ ಮಾತುಕತೆ ಮುಕ್ತವಾಗಿ ಶುರುವಾದದ್ದು. ಅಂಗಡಿ ತೆರೆದ ಮೊದಲ ಬೇಸಿಗೆಯಲ್ಲೇ 999.99 ಡಾಲರ್ ಬೆಲೆಯ ‘ಐ ಆ್ಯಮ್ ರಿಚ್’ ಎಂಬ ಆ್ಯಪ್ ಬಂತು. ಪರದೆಯ ಮೇಲೆ ಕೆಂಪು ಹರಳೊಂದನ್ನು ಹೊಳೆಯಿಸುವುದಷ್ಟೇ ಅದರ ಕೆಲಸ. ಕಿತ್ತುಹಾಕುವಷ್ಟರಲ್ಲಿ ಎಂಟು ಮಂದಿ ಕೊಂಡಿದ್ದರು. ಅಂಗಡಿಗೆ ಕಾವಲುಗಾರ ಬೇಕೆಂಬ ವಾದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗಲಾರದು.

ಆಂಡ್ರಾಯ್ಡ್ ಹಿಡಿದದ್ದು ಬೇರೆ ಹಾದಿ. ಫೋನ್ ಬರುವ ಸುಮಾರು ಒಂದು ವರ್ಷ ಮೊದಲೇ, 2007ರ ನವೆಂಬರ್‌ನಲ್ಲಿ, ಗೂಗಲ್ ಅದರ ಎಸ್‌ಡಿಕೆ ಬಿಟ್ಟಿತು. ಉತ್ತಮ ಆ್ಯಪ್‌ಗಳಿಗೆ ಒಟ್ಟು ಒಂದು ಕೋಟಿ ಡಾಲರ್ ಬಹುಮಾನವನ್ನೂ ಸಾರಿತು. ಮೊದಲ ಐ/ಓ ಸಮಾವೇಶ 2008ರ ಮೇ 28–29ರಂದು ಸ್ಯಾನ್ ಫ್ರಾನ್ಸಿಸ್ಕೊದ ಮೊಸ್ಕೋನಿ ಸೆಂಟರ್‌ನಲ್ಲಿ ನಡೆದಾಗಲೂ ಆಂಡ್ರಾಯ್ಡ್ ಫೋನ್ ಯಾರ ಕೈಯಲ್ಲೂ ಇರಲಿಲ್ಲ. ಮೊದಲ ಫೋನ್ ಟಿ-ಮೊಬೈಲ್ ಜಿ1 ಅದೇ ವರ್ಷದ ಅಕ್ಟೋಬರ್‌ನಲ್ಲಿ ಬಂತು. ಅದರ ಆ್ಯಪ್ ಅಂಗಡಿಯಾದ ಆಂಡ್ರಾಯ್ಡ್ ಮಾರ್ಕೆಟ್‌ಗೆ ಒಂದೇ ಬಾರಿ ಕಟ್ಟುವ 25 ಡಾಲರ್ ಶುಲ್ಕ. 2012ರಲ್ಲಿ ಅದರ ಹೆಸರು ಗೂಗಲ್ ಪ್ಲೇ ಎಂದಾಯಿತು.

ಕಂಪ್ಯೂಟರ್ ಪ್ರೋಗ್ರಾಮ್ ಬರೆದು ಪಳಗಿದವರಿಗೂ ಫೋನ್ ಹೊಸ ಪಾಠ ಕಲಿಸಿತು. ಇಲ್ಲಿ ಪ್ರೋಗ್ರಾಮಿನ ಆಯುಷ್ಯ ಅದರ ಕೈಯಲ್ಲಿಲ್ಲ. ಕರೆ ಬಂದರೆ, ಮೆಮೊರಿ ಕಡಿಮೆಯಾದರೆ, ಫೋನಿನ ವ್ಯವಸ್ಥೆ ಆ್ಯಪನ್ನು ಹಿಂದಕ್ಕೆ ತಳ್ಳುತ್ತದೆ ಇಲ್ಲವೇ ಕೊಂದುಹಾಕುತ್ತದೆ. ಮೊದಲ ಐಫೋನ್‌ನಲ್ಲಿದ್ದದ್ದು 128 ಎಂಬಿ ಮೆಮೊರಿ. 2010ರ ಐಓಎಸ್ 4ರವರೆಗೆ ಹೊರಗಿನವರ ಆ್ಯಪ್‌ಗಳಿಗೆ ಹಿನ್ನೆಲೆಯಲ್ಲಿ ಓಡುವ ಅವಕಾಶವೇ ಇರಲಿಲ್ಲ. ಆಂಡ್ರಾಯ್ಡ್‌ನಲ್ಲಿ ಹೊಸಬರನ್ನು ತಪ್ಪದೆ ಕಾಡುವ ಸಮಸ್ಯೆ ಫೋನನ್ನು ಅಡ್ಡ ತಿರುಗಿಸುವುದು. ಡೆವಲಪರ್ ಬೇರೆ ಏರ್ಪಾಡು ಮಾಡಿಕೊಳ್ಳದಿದ್ದರೆ, ತಿರುಗಿಸಿದೊಡನೆ ಪರದೆಗೆ ಸಂಬಂಧಿಸಿದ ಇಡೀ ‘ಆ್ಯಕ್ಟಿವಿಟಿ’ ನಾಶವಾಗಿ ಮರುಹುಟ್ಟು ಪಡೆಯುತ್ತದೆ. ಆ್ಯಪ್ ತಾನಾಗಿ ಉಳಿಸಿಕೊಳ್ಳದ ಸ್ಥಿತಿಯೆಲ್ಲ ಹೋಯಿತು. ಅರ್ಧಕ್ಕೆ ಬಂದಿದ್ದ ಡೌನ್‌ಲೋಡ್ ಬಂದು ಸೇರಲು ಪರದೆಯೇ ಇಲ್ಲದೆ ಆ್ಯಪ್ ಕುಸಿದದ್ದೂ ಉಂಟು. ಒಂದು ಕಾಲದಲ್ಲಿ ಆಂಡ್ರಾಯ್ಡ್ ಸಮಾವೇಶಗಳ ಭಾಷಣಗಳಲ್ಲಿ ಗಣನೀಯ ಪಾಲು ಈ ಒಂದು ತೊಡಕಿನ ಸುತ್ತಲೇ ಸುತ್ತುತ್ತಿತ್ತು ಎಂದರೆ ಉತ್ಪ್ರೇಕ್ಷೆಯಲ್ಲ.

ಇದರ ಮೇಲೆ ನೂರಾರು ಅಳತೆಯ ಪರದೆಗಳು, ಹಳೆಯ ಆವೃತ್ತಿಯಲ್ಲೇ ನಿಂತುಹೋದ ಫೋನ್‌ಗಳು, ತಯಾರಕರು ಬ್ಯಾಟರಿ ಉಳಿಸಲು ಸೇರಿಸಿದ ತಮ್ಮದೇ ಕಟ್ಟುಪಾಡುಗಳು. ಸಹಿ ಕೀಲಿಯ ಕತೆ ಇನ್ನೂ ಕಠಿಣ. ಆಂಡ್ರಾಯ್ಡ್ ಆ್ಯಪಿಗೆ ಡೆವಲಪರ್ ಡಿಜಿಟಲ್ ಸಹಿ ಹಾಕುವ ಕೀಲಿ ಕಳೆದುಹೋದರೆ ಆ ಆ್ಯಪಿಗೆ ಮತ್ತೆ ಅಪ್‌ಡೇಟ್ ಕೊಡಲಾಗುತ್ತಿರಲಿಲ್ಲ. ಹೊಸ ಹೆಸರಿನಲ್ಲಿ ಮೊದಲಿನಿಂದ ಶುರುಮಾಡಬೇಕು. ಗಳಿಸಿದ ಬಳಕೆದಾರರು, ರೇಟಿಂಗ್ ಎಲ್ಲವೂ ಹಳೆಯದರ ಜೊತೆ ಹೋದಂತೆ. 2017ರಲ್ಲಿ ಕೀಲಿಯನ್ನು ಗೂಗಲ್‌ನ ಬಳಿಯೇ ಇಡುವ ವ್ಯವಸ್ಥೆ ಬಂದ ಮೇಲೆ ಈ ಭಯ ತಗ್ಗಿತು, ಕೀಲಿ ಇನ್ನೊಬ್ಬರ ಕೈಗೆ ಹೋಯಿತೆಂಬ ಗೊಣಗಾಟ ಹುಟ್ಟಿಕೊಂಡಿತು.

ಇಂಥ ಕೆಲಸ ಮಾಡುವವರಿಗೆ ವ್ಯವಸ್ಥೆಯನ್ನು ಬರೆದ ಎಂಜಿನಿಯರರನ್ನೇ ಮುಖಾಮುಖಿಯಾಗಿ ಕೇಳುವ ಅವಕಾಶ ಎಷ್ಟು ದೊಡ್ಡದೆಂಬುದನ್ನು ಟಿಕೆಟ್‌ಗಳ ಇತಿಹಾಸವೇ ಹೇಳುತ್ತದೆ. ಡಬ್ಲ್ಯುಡಬ್ಲ್ಯುಡಿಸಿ ಟಿಕೆಟ್ ಮೊದಲ ಬಾರಿ ಪೂರ್ತಿ ಖರ್ಚಾದದ್ದು 2008ರಲ್ಲಿ. 2012ರಲ್ಲಿ ಎರಡು ಗಂಟೆಯೊಳಗೆ ಮುಗಿದವು. 2013ರಲ್ಲಿ 1,599 ಡಾಲರ್ ಬೆಲೆಯ ಸುಮಾರು ಐದು ಸಾವಿರ ಟಿಕೆಟ್‌ಗಳು ಎರಡು ನಿಮಿಷವೂ ಉಳಿಯಲಿಲ್ಲ. ಮರುವರ್ಷದಿಂದ ಲಾಟರಿ ಎತ್ತುವುದೇ ಗತಿಯಾಯಿತು. ಗೂಗಲ್ ಐ/ಓಗೆ ನೂಕುನುಗ್ಗಲಾಗಲು ಇನ್ನೊಂದು ಕಾರಣವೂ ಇತ್ತು: ಬಂದವರಿಗೆಲ್ಲ ಉಡುಗೊರೆ. 2009ರಲ್ಲಿ ಫೋನ್, 2011ರಲ್ಲಿ ಟ್ಯಾಬ್ಲೆಟ್, 2013ರಲ್ಲಿ ದುಬಾರಿ ಕ್ರೋಮ್‌ಬುಕ್ ಪಿಕ್ಸೆಲ್ ಲ್ಯಾಪ್‌ಟಾಪ್. ಟಿಕೆಟ್ ದರಕ್ಕಿಂತ ಉಡುಗೊರೆಯ ಬೆಲೆಯೇ ಹೆಚ್ಚಾದಾಗ ಸಾಲಿನಲ್ಲಿ ನಿಂತವರೆಲ್ಲ ಡೆವಲಪರ್‌ಗಳೇ ಎಂದು ನಂಬುವುದು ಕಷ್ಟ.

ಅನುಭವಿಗಳ ಲೆಕ್ಕದಲ್ಲಿ ಆ್ಯಪಲ್ ಸಮಾವೇಶದ ತಿರುಳು ಮೊದಲ ದಿನದ ಅಬ್ಬರದ ಕೀನೋಟ್ ಭಾಷಣ ಆಗಿರಲಿಲ್ಲ, ‘ಲ್ಯಾಬ್’ಗಳಾಗಿದ್ದವು. ಡೆವಲಪರ್ ತನ್ನ ಲ್ಯಾಪ್‌ಟಾಪ್ ತೆರೆದು, ಕೈಕೊಟ್ಟ ಕೋಡನ್ನು ಆ ಸೌಲಭ್ಯವನ್ನು ರೂಪಿಸಿದ ಎಂಜಿನಿಯರ್‌ ಪಕ್ಕದಲ್ಲೇ ಕೂತು ತೋರಿಸಬಹುದಿತ್ತು. ತಿಂಗಳುಗಟ್ಟಲೆ ಹುಡುಕಿದ ದೋಷ ತನ್ನದಲ್ಲ, ವ್ಯವಸ್ಥೆಯದೇ ಎಂದು ಅಲ್ಲಿ ಗೊತ್ತಾಗುವುದೂ ಒಂದು ಸಮಾಧಾನ. ಕೀನೋಟ್ ನಡೆಯುವ ಹೊತ್ತಿಗೆ ಸಭಾಂಗಣದಲ್ಲಿ ಚಪ್ಪಾಳೆಯ ಜೊತೆ ಸಣ್ಣ ನಡುಕವೂ ಇರುತ್ತಿತ್ತು. 2013ರಲ್ಲಿ ಐಓಎಸ್ 7 ತನ್ನದೇ ಟಾರ್ಚ್ ಗುಂಡಿಯನ್ನು ತಂದಾಗ ಟಾರ್ಚ್ ಆ್ಯಪ್‌ಗಳ ಇಡೀ ಸಂತತಿಗೆ ಕೆಲಸ ಇಲ್ಲದಾಯಿತು. ಹೀಗಾದಾಗ ‘ಶೆರ್ಲಾಕ್ ಆಯಿತು’ ಎನ್ನುವುದು ಡೆವಲಪರ್‌ಗಳ ರೂಢಿ. 2002ರಲ್ಲಿ ಆ್ಯಪಲ್‌ನ ಶೆರ್ಲಾಕ್ 3, ವಾಟ್ಸನ್ ಎಂಬ ಹೊರಗಿನವರ ತಂತ್ರಾಂಶದ ಕೆಲಸವನ್ನೇ ತಾನು ಮಾಡತೊಡಗಿದಂದಿನಿಂದ ಉಳಿದ ಮಾತು.

ಭಾಷೆಯ ಬದಲಾವಣೆಗಳು ಇನ್ನೂ ಆಳವಾಗಿ ತಟ್ಟಿದವು. 2014ರ ಜೂನ್ 2ರಂದು ಆ್ಯಪಲ್ ಸ್ವಿಫ್ಟ್ ಭಾಷೆಯನ್ನು ಪ್ರಕಟಿಸಿದಾಗ ಅಲ್ಲಿಯವರೆಗಿನ ಆಬ್ಜೆಕ್ಟಿವ್-ಸಿ ಭಾಷೆಯಲ್ಲಿ ಆರು ವರ್ಷ ಪಳಗಿದವರೂ ಅಂದೇ ಕಲಿಯಲು ಕೂತವರೂ ಒಂದೇ ಬೆಂಚಿಗೆ ಬಂದರು. ಮೊದಲ ಕೆಲವು ವರ್ಷ ಸ್ವಿಫ್ಟ್‌ನ ಪ್ರತಿ ದೊಡ್ಡ ಆವೃತ್ತಿಗೂ ಹಳೆಯ ಕೋಡನ್ನು ತಿದ್ದಬೇಕಾಗುತ್ತಿತ್ತು. ಆಂಡ್ರಾಯ್ಡ್‌ನಲ್ಲಿ ಬದಲಾವಣೆ ಕೆಳಗಿನಿಂದ ಬಂತು. ಜೆಟ್‌ಬ್ರೇನ್ಸ್ ಕಂಪನಿಯ ಕೋಟ್ಲಿನ್ ಭಾಷೆಯನ್ನು ಡೆವಲಪರ್‌ಗಳು ತಾವಾಗಿಯೇ ಬಳಸತೊಡಗಿದ್ದರು. 2017ರ ಐ/ಓದಲ್ಲಿ ಗೂಗಲ್ ಅದಕ್ಕೆ ಅಧಿಕೃತ ಮುದ್ರೆ ಒತ್ತಿದಾಗ ಸಭಾಂಗಣದಲ್ಲಿ ಕೇಳಿದ ಕೇಕೆ, ಯಾವ ಹೊಸ ಫೋನಿಗೂ ಸಿಗುವಂಥದ್ದಲ್ಲ. 2019ರಲ್ಲಿ ಪ್ರಕಟವಾದ ಸ್ವಿಫ್ಟ್‌ಯುಐ ಮತ್ತು ಜೆಟ್‌ಪ್ಯಾಕ್ ಕಂಪೋಸ್ ಪರದೆ ಕಟ್ಟುವ ಬಗೆಯನ್ನೇ ಎರಡೂ ಕಡೆ ಬದಲಿಸಿದವು. ಎರಡು ಬಾರಿ ಬರೆಯುವ ಗೋಜೇ ಬೇಡವೆನ್ನುವವರಿಗೆ ರಿಯಾಕ್ಟ್ ನೇಟಿವ್, ಫ್ಲಟರ್ ಇವೆ. ಆ ಸಾಲಿನ ಹಿರಿಯಣ್ಣ ಫೋನ್‌ಗ್ಯಾಪ್ ಹುಟ್ಟಿದ್ದು 2008ರ ಐಫೋನ್‌ಡೆವ್‌ಕ್ಯಾಂಪ್‌ನಲ್ಲಿ.

ದೊಡ್ಡ ಸಮಾವೇಶ ಒಡೆಯರದು. ಡೆವಲಪರ್‌ಗಳು ತಾವೇ ಕಟ್ಟಿಕೊಂಡ ಕೂಟಗಳ ಗುಣ ಬೇರೆ. ಬೆಂಗಳೂರಿನಲ್ಲಿ ಇವಕ್ಕೆ ಮೊಬೈಲ್ ಯುಗಕ್ಕಿಂತ ಹಳೆಯ ಬೇರುಗಳಿವೆ. ಲಿನಕ್ಸ್ ಬೆಂಗಳೂರು ಎಂದು ಶುರುವಾಗಿ ಮುಂದೆ ಫಾಸ್.ಇನ್ ಆದ ಮುಕ್ತ ತಂತ್ರಾಂಶ ಸಮಾವೇಶ ಇಲ್ಲಿನದು. 2006ರಲ್ಲಿ ಬಾರ್‌ಕ್ಯಾಂಪ್ ಬೆಂಗಳೂರು ಆರಂಭವಾಯಿತು. ಬಾರ್‌ಕ್ಯಾಂಪ್‌ನಲ್ಲಿ ಆಹ್ವಾನಿತ ಭಾಷಣಕಾರರಿಲ್ಲ. ಮಾತಾಡಬೇಕೆನ್ನುವವರು ಬೆಳಿಗ್ಗೆ ಬಂದು ವಿಷಯವನ್ನು ಫಲಕಕ್ಕೆ ಅಂಟಿಸುತ್ತಾರೆ. ಹಿಡಿಸದ ಕೇಳುಗರು ಎದ್ದು ಪಕ್ಕದ ಕೋಣೆಗೆ ಹೋದರೆ ಅಗೌರವವಲ್ಲ. ಬರ್ಲಿನ್‌ನಲ್ಲಿ 2009ರಲ್ಲಿ ಹುಟ್ಟಿದ ಆಂಡ್ರಾಯ್ಡ್ ಸಮಾವೇಶ ಡ್ರಾಯ್ಡ್‌ಕಾನ್, 2011ರಲ್ಲಿ ಹ್ಯಾಸ್‌ಗೀಕ್ ಸಂಸ್ಥೆಯ ಮೂಲಕ ಬೆಂಗಳೂರಿಗೆ ಬಂತು. ಹ್ಯಾಸ್‌ಗೀಕ್ ಭಾಷಣದ ಪ್ರಸ್ತಾವಗಳನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸಿ, ಟೀಕೆ–ಟಿಪ್ಪಣಿಗೆ ಒಡ್ಡುತ್ತಿತ್ತು. ಕಂಪನಿಯ ಜಾಹೀರಾತನ್ನು ಭಾಷಣವೆಂದು ತೂರಿಸುವವರಿಗೆ ಅಲ್ಲೇ ತಡೆ ಬೀಳುತ್ತಿತ್ತು.

ಇಂಥ ಕೂಟಗಳಲ್ಲಿ ಸಿಗುವುದು ಸ್ಥಳೀಯ ಸಂಗತಿ. ಅಗ್ಗದ ಫೋನಿನಲ್ಲಿ, ತಟ್ಟಾಡುವ ನೆಟ್‌ವರ್ಕ್‌ನಲ್ಲಿ ಆ್ಯಪ್ ಹೇಗೆ ನಡೆಯುತ್ತದೆ ಎಂಬುದು ಕ್ಯಾಲಿಫೋರ್ನಿಯಾದ ವೇದಿಕೆಗೆ ತಡವಾಗಿ ತಲುಪಿದ ಪ್ರಶ್ನೆ. ಬೆಂಗಳೂರಿನ ಕಂಪನಿಗಳು ಅದಕ್ಕೆ ತದ್ವಿರುದ್ಧ ಉತ್ತರಗಳನ್ನು ಪ್ರಯೋಗಿಸಿದವು. 2015ರ ಮೇನಲ್ಲಿ ಮಿಂತ್ರಾ ಜಾಲತಾಣವನ್ನೇ ಮುಚ್ಚಿ ಆ್ಯಪ್ ಒಂದನ್ನೇ ಉಳಿಸಿಕೊಂಡಿತು. ಒಂದು ವರ್ಷ ಕಳೆದು ಜಾಲತಾಣ ಮತ್ತೆ ತೆರೆಯಬೇಕಾಯಿತು. 2015ರ ನವೆಂಬರ್‌ನಲ್ಲಿ ಅದರ ಮಾತೃಸಂಸ್ಥೆ ಫ್ಲಿಪ್‌ಕಾರ್ಟ್, ಬ್ರೌಸರ್‌ನಲ್ಲೇ ಆ್ಯಪಿನಂತೆ ನಡೆಯುವ ಫ್ಲಿಪ್‌ಕಾರ್ಟ್ ಲೈಟ್ ತಂದಿತು.

ಕನ್ನಡದಲ್ಲಿ ಆ್ಯಪ್ ಬರೆದವರಿಗೆ ಮೊದಲ ವರ್ಷಗಳಲ್ಲಿ ಎದುರಾದದ್ದು ಅಕ್ಷರದ ಸಮಸ್ಯೆ. ಆಂಡ್ರಾಯ್ಡ್‌ನ ಫಾಂಟ್‌ಗೆ ಕನ್ನಡ ಸೇರಿದ್ದು 2012ರ ಜೆಲ್ಲಿಬೀನ್, ಅಂದರೆ 4.1ರಲ್ಲಿ. ಅದಕ್ಕೂ ಹಿಂದಿನ ಫೋನ್‌ಗಳಲ್ಲಿ ಕನ್ನಡ ಪದಗಳ ಜಾಗದಲ್ಲಿ ಖಾಲಿ ಚೌಕಗಳು. ಫಾಂಟನ್ನು ಆ್ಯಪಿನೊಳಗೇ ಕಟ್ಟಿಕೊಟ್ಟರೂ ಒತ್ತಕ್ಷರ ಅಡಿಗೆ ಇಳಿಯದೆ ಪಕ್ಕದಲ್ಲಿ ನಿಲ್ಲುತ್ತಿತ್ತು, ಏಕೆಂದರೆ ಅಕ್ಷರಗಳನ್ನು ಕೂಡಿಸುವ ಕೆಲಸ ಫಾಂಟಿನದಷ್ಟೇ ಅಲ್ಲ, ವ್ಯವಸ್ಥೆಯದೂ ಹೌದು. ಪಠ್ಯವನ್ನು ಚಿತ್ರವಾಗಿ ತೋರಿಸುವುದು ಒಂದು ಉಪಾಯವಾಗಿತ್ತು. ಓದಲು ಅಡ್ಡಿಯಿಲ್ಲ, ಆದರೆ ಹುಡುಕುವಂತಿಲ್ಲ, ನಕಲಿಸುವಂತಿಲ್ಲ. ಈಗ ಅಕ್ಷರ ಸರಿಯಾಗಿ ಮೂಡುತ್ತದೆ. ಉಳಿದಿರುವುದು ವಿನ್ಯಾಸದ ತಾಪತ್ರಯ. ಇಂಗ್ಲಿಷ್ ಸಾಲಿನ ಎತ್ತರಕ್ಕೆ ಕತ್ತರಿಸಿದ ಪೆಟ್ಟಿಗೆಯಲ್ಲಿ ‘ಸ್ತ್ರೀ’, ‘ಕ್ಷ್ಮಿ’ಯ ಒತ್ತುಗಳ ಬುಡ ಕತ್ತರಿಸಿಹೋಗುತ್ತದೆ, ಇಂಗ್ಲಿಷಿನ ಚಿಕ್ಕ ಪದಕ್ಕೆ ಅಳೆದ ಗುಂಡಿಯಲ್ಲಿ ಕನ್ನಡದ ಪದ ಮೂರು ಚುಕ್ಕೆಯಾಗಿ ಕೊನೆಗೊಳ್ಳುತ್ತದೆ. ದಕ್ಷಿಣದ ಲಿಪಿಗಳನ್ನು ಲಘುವಾಗಿ ಎಣಿಸಿದರೆ ಆಗುವುದನ್ನು 2018ರ ಫೆಬ್ರುವರಿ ತೋರಿಸಿಕೊಟ್ಟಿತು. ತೆಲುಗಿನ ‘ಜ್ಞಾ’ ಸಂಯುಕ್ತಾಕ್ಷರದ ಒಂದು ರೂಪ ಸಂದೇಶದಲ್ಲಿ ಬಂದರೆ ಐಓಎಸ್ 11ರ ಆ್ಯಪ್‌ಗಳು ಕುಸಿಯುತ್ತಿದ್ದವು. ಆ್ಯಪಲ್ 11.2.6 ಆವೃತ್ತಿ ಹೊರಡಿಸಿ ಅದನ್ನು ಸರಿಪಡಿಸಿತು.

2020ರಲ್ಲಿ ಕೋವಿಡ್‌ನಿಂದಾಗಿ ಗೂಗಲ್ ಐ/ಓ ರದ್ದಾಯಿತು. ಡಬ್ಲ್ಯುಡಬ್ಲ್ಯುಡಿಸಿ ಜೂನ್ 22ರಿಂದ ಪೂರ್ತಿ ಆನ್‌ಲೈನ್‌ನಲ್ಲಿ, ಉಚಿತವಾಗಿ ನಡೆಯಿತು. ವೇದಿಕೆಯ ಭಾಷಣದ ಬದಲು ಮೊದಲೇ ಚಿತ್ರೀಕರಿಸಿದ, ಚುರುಕಾಗಿ ಕತ್ತರಿಸಿದ ವಿಡಿಯೊಗಳು ಬಂದವು. ಕಲಿಕೆಯ ದೃಷ್ಟಿಯಿಂದ ಇವು ಹಳೆಯವಕ್ಕಿಂತ ಮೇಲೆಂಬುದರಲ್ಲಿ ಅನುಮಾನವಿಲ್ಲ. ವೀಸಾ ಸಿಗದ, ಟಿಕೆಟ್ ಕೊಳ್ಳಲಾಗದ ಹುಬ್ಬಳ್ಳಿಯ ಡೆವಲಪರ್‌ಗೂ ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಯವನಿಗೂ ಒಂದೇ ಹೊತ್ತಿಗೆ ಒಂದೇ ಪಾಠ. 2022ರಿಂದ ಎರಡೂ ಕಂಪನಿಗಳು ಸೀಮಿತ ಸಂಖ್ಯೆಯವರನ್ನು ತಮ್ಮ ಅಂಗಳಕ್ಕೆ ಕರೆಯುತ್ತಿವೆ. ಉಳಿದವರಿಗೆ ಊರೂರಿನಲ್ಲಿ ಐ/ಓ ಎಕ್ಸ್‌ಟೆಂಡೆಡ್, ಡೆವ್‌ಫೆಸ್ಟ್ ಕೂಟಗಳಿವೆ.

ಆ ಸಣ್ಣ ಕೂಟಗಳಿಗೆ ಈಚೆಗೆ ಹೊಸ ಕೆಲಸವೊಂದು ಸೇರಿದೆ. 2023ರ ನವೆಂಬರ್ 13ರ ನಂತರ ಪ್ಲೇ ಸ್ಟೋರ್‌ನಲ್ಲಿ ವೈಯಕ್ತಿಕ ಖಾತೆ ತೆರೆದವರು ಆ್ಯಪ್ ಬಿಡುಗಡೆಗೆ ಮುನ್ನ 20 ಮಂದಿ ಪರೀಕ್ಷಕರಿಂದ ಸತತ 14 ದಿನ ಪರೀಕ್ಷೆ ಮಾಡಿಸಬೇಕೆಂಬ ನಿಯಮ ಬಂತು. 2024ರ ಡಿಸೆಂಬರ್‌ನಲ್ಲಿ ಆ ಸಂಖ್ಯೆ 12ಕ್ಕೆ ಇಳಿಯಿತು. ದೊಡ್ಡ ಕಂಪನಿಗೆ ಇದು ಲೆಕ್ಕಕ್ಕಿಲ್ಲ. ಒಂಟಿಯಾಗಿ ಆ್ಯಪ್ ಬರೆಯುವವರು ಹನ್ನೆರಡು ಜನರನ್ನು ಎಲ್ಲಿಂದ ತರುವುದು? ಒಬ್ಬರ ಆ್ಯಪನ್ನು ಇನ್ನೊಬ್ಬರು ತಮ್ಮ ಫೋನಿನಲ್ಲಿ ಎರಡು ವಾರ ಇಟ್ಟುಕೊಂಡು ಪರಸ್ಪರ ತೀರಿಸಿಕೊಳ್ಳುವ ಏರ್ಪಾಡು ಡೆವಲಪರ್‌ಗಳ ಗುಂಪುಗಳಲ್ಲಿ ಈಗ ನಡೆಯುತ್ತಿದೆ.