ದುಬೈ ಫ್ಲಾಟಿನ ಬಾಡಿಗೆ, ಊರಿನ ತೆರಿಗೆ

2024ರ ನವೆಂಬರ್ ಕೊನೆಯ ವಾರ. ಇಶಾ ನಮಾಜ್ ಮುಗಿಸಿ ಮದ್ರಸದ ಬಾಗಿಲು ಹಾಕುತ್ತಿದ್ದೆವು. ನಮ್ಮ ಜಮಾಅತ್‌ನ ಒಬ್ಬ ಹಿರಿಯರು ಮೊಬೈಲ್ ಹಿಡಿದು ಬಂದರು. "ಉಸ್ತಾದ್, ಇದನ್ನೊಮ್ಮೆ ಓದಿ. ಮಗನಿಗೆ ತೋರಿಸಲು ಮನಸ್ಸಾಗಲಿಲ್ಲ" ಎಂದರು. ಆದಾಯ ತೆರಿಗೆ ಇಲಾಖೆಯಿಂದ ಬಂದ ಮೆಸೇಜ್ ಅದು. ನಿಮಗೆ ವಿದೇಶದಲ್ಲಿ ಖಾತೆ ಅಥವಾ ಆದಾಯ ಇರುವ ಮಾಹಿತಿ ಬಂದಿದೆ, ರಿಟರ್ನ್‌ನಲ್ಲಿ ತೋರಿಸಿಲ್ಲದಿದ್ದರೆ ಡಿಸೆಂಬರ್ 31ರೊಳಗೆ ಸರಿಪಡಿಸಿಕೊಳ್ಳಿ ಎಂಬುದು ಅದರ ಸಾರಾಂಶ.

ಅವರ ಕೈ ನಡುಗುತ್ತಿತ್ತು. ಇಪ್ಪತ್ತನಾಲ್ಕು ವರ್ಷ ಗಲ್ಫ್‌ನಲ್ಲಿ ದುಡಿದವರು. ದೇರಾದ ಅಂಗಡಿಯಲ್ಲಿ ಸೇಲ್ಸ್‌ಮನ್ ಆಗಿ ಸೇರಿ ಸ್ವಂತ ವ್ಯಾಪಾರದವರೆಗೆ ಹೋದವರು. ಇಂಟರ್‌ನ್ಯಾಷನಲ್ ಸಿಟಿಯಲ್ಲಿ ಒಂದು ಬೆಡ್‌ರೂಮಿನ ಫ್ಲಾಟ್ ಮಾಡಿಟ್ಟಿದ್ದರು. 2019ರ ಮೇ ತಿಂಗಳಲ್ಲಿ ವೀಸಾ ಮುಗಿಸಿ ಊರಿಗೆ ಬಂದರು. ಫ್ಲಾಟ್ ಮಾರಲಿಲ್ಲ. ಪ್ರವಾಸಿಗರಿಗೆ ಕೊಡುವ ಒಂದು ಕಂಪೆನಿಗೆ ವಹಿಸಿದರು. ಕಂಪೆನಿ ವರ್ಷಕ್ಕೆ 50,000 ದಿರ್ಹಮ್ ನಿಗದಿತ ಬಾಡಿಗೆ ಕೊಡುತ್ತದೆ. ಶಾಲೆಯ ರಜೆಯಲ್ಲಿ ಹದಿನೈದು ದಿನ ಮೊಮ್ಮಕ್ಕಳ ಜೊತೆ ಹೋಗಿ ಇರಲು ಬಿಟ್ಟುಕೊಡುತ್ತದೆ. ಬಾಡಿಗೆ ಅಲ್ಲಿನ ಬ್ಯಾಂಕ್ ಖಾತೆಗೆ ಬೀಳುತ್ತದೆ. ಊರಿನಲ್ಲಿ ಒಂದು ಅಂಗಡಿ ಬಾಡಿಗೆಗೆ ಇದೆ, ಅದರ ರಿಟರ್ನ್ ಪ್ರತಿವರ್ಷ ಹಾಕುತ್ತಾ ಬಂದಿದ್ದರು. ದುಬೈಯದ್ದು ತೋರಿಸಿರಲಿಲ್ಲ.

"ದುಬೈಯಲ್ಲಿ ಟ್ಯಾಕ್ಸೇ ಇಲ್ಲ ಅಲ್ವಾ ಉಸ್ತಾದ್? ಅಲ್ಲಿ ಇಲ್ಲದ್ದನ್ನು ಇಲ್ಲಿ ಯಾಕೆ ಕೊಡ್ಬೇಕು? ಎರಡು ದೇಶದ ಮಧ್ಯೆ ಒಪ್ಪಂದವೂ ಉಂಟಂತೆ" ಎಂದರು. ನಮಗೆ ಬರುವುದು ಮೀರಾಸಿನ ಪಾಲು ಹಾಕುವ ಲೆಕ್ಕ, ತೆರಿಗೆಯ ಲೆಕ್ಕ ಅಲ್ಲ. ಹಾಗಾಗಿ ಮರುದಿನ ಅವರನ್ನು ಕರೆದುಕೊಂಡು ಮಂಗಳೂರಿನ ಒಬ್ಬ ಆಡಿಟರ್ ಬಳಿ ಹೋದೆವು. ಅಲ್ಲಿ ಕೇಳಿದ್ದನ್ನು, ಆಮೇಲೆ ನಾವೇ ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ಯಾಕೆಂದರೆ ಇದು ಒಂದು ಮನೆಯ ಕಥೆ ಅಲ್ಲ.

ಊರಿಗೆ ಬಂದ ಮೇಲೆ ಏನಾಗುತ್ತದೆ?

ಗಲ್ಫ್‌ನಲ್ಲಿ ಇರುವಷ್ಟು ಕಾಲ ನಮ್ಮವರು ಅನಿವಾಸಿಗಳು. ಅನಿವಾಸಿಗೆ ಭಾರತದಲ್ಲಿ ಬರುವ ಆದಾಯಕ್ಕೆ ಮಾತ್ರ ಇಲ್ಲಿ ತೆರಿಗೆ. ಅಲ್ಲಿನ ಸಂಬಳ, ಅಲ್ಲಿನ ಬಾಡಿಗೆ ಇಲ್ಲಿನ ಲೆಕ್ಕಕ್ಕೆ ಬರುವುದಿಲ್ಲ. ಊರಿಗೆ ಬಂದು ನೆಲೆಸಿ ಪೂರ್ಣ ನಿವಾಸಿಯಾದ ಮೇಲೆ ಹಾಗಲ್ಲ. ಆಗ ಜಗತ್ತಿನ ಯಾವ ಮೂಲೆಯಿಂದ ಆದಾಯ ಬಂದರೂ ಇಲ್ಲಿ ತೋರಿಸಬೇಕು. ಹಣವನ್ನು ಊರಿಗೆ ತಂದರೂ ಸರಿ, ಅಲ್ಲಿನ ಖಾತೆಯಲ್ಲೇ ಬಿಟ್ಟರೂ ಸರಿ.

ನಡುವೆ ಒಂದು ಮೆಟ್ಟಿಲು ಇದೆ. ಆಡಿಟರ್‌ಗಳು ಆರ್‌ಎನ್‌ಒಆರ್ ಎನ್ನುತ್ತಾರೆ, ಅಂದರೆ ನಿವಾಸಿ, ಆದರೆ ಸಾಮಾನ್ಯ ನಿವಾಸಿ ಅಲ್ಲ. ಹಿಂದಿನ 10 ವರ್ಷಗಳಲ್ಲಿ 9 ವರ್ಷ ಅನಿವಾಸಿಯಾಗಿದ್ದರೆ, ಅಥವಾ ಹಿಂದಿನ 7 ವರ್ಷಗಳಲ್ಲಿ ಭಾರತದಲ್ಲಿ ಇದ್ದ ದಿನ ಒಟ್ಟು 729 ಮೀರದಿದ್ದರೆ ಈ ಸ್ಥಾನ ಸಿಗುತ್ತದೆ. ಈ ಅವಧಿಯಲ್ಲಿ ವಿದೇಶದ ಬಾಡಿಗೆಗೆ ಇಲ್ಲಿ ತೆರಿಗೆ ಇಲ್ಲ. ವಿದೇಶದ ಆಸ್ತಿಯ ಪಟ್ಟಿ ಕೊಡಬೇಕಾಗಿಯೂ ಇಲ್ಲ. ಬಹಳ ವರ್ಷ ಹೊರಗಿದ್ದು ಬಂದವರಿಗೆ ಸಾಮಾನ್ಯವಾಗಿ ಎರಡು ವರ್ಷ, ಕೆಲವರಿಗೆ ಮೂರು ವರ್ಷ ಸಿಗುತ್ತದೆ.

ನಮ್ಮ ಹಿರಿಯರು ಪ್ರತಿವರ್ಷ ಒಂದೂವರೆ ತಿಂಗಳು ರಜೆಗೆ ಬರುತ್ತಿದ್ದರು. ಪಾಸ್‌ಪೋರ್ಟಿನ ಸೀಲುಗಳನ್ನು ಲೆಕ್ಕ ಹಾಕಿದಾಗ 2019-20 ಮತ್ತು 2020-21, ಈ ಎರಡು ವರ್ಷ ಅವರಿಗೆ ವಿನಾಯಿತಿ ಇತ್ತು. 2021-22ರಿಂದ ಪೂರ್ಣ ನಿವಾಸಿ. ಅಲ್ಲಿಂದ ಮುಂದಿನ ಬಾಡಿಗೆಯೆಲ್ಲ ತೋರಿಸಬೇಕಿತ್ತು.

ಒಪ್ಪಂದ ಏನು ಹೇಳುತ್ತದೆ?

ಭಾರತ ಮತ್ತು ಯುಎಇ ನಡುವೆ ಒಂದೇ ಆದಾಯಕ್ಕೆ ಎರಡು ಸಲ ತೆರಿಗೆ ಬೀಳದಂತೆ ಒಪ್ಪಂದ ಇರುವುದು ನಿಜ. 1992ರಲ್ಲಿ ಸಹಿಯಾದದ್ದು. ಸ್ಥಿರಾಸ್ತಿ ಇರುವ ದೇಶ ಅದರ ಆದಾಯಕ್ಕೆ ತೆರಿಗೆ ಹಾಕಬಹುದು ಎಂದು ಅದರಲ್ಲಿ ಇದೆ. 'ಹಾಕಬಹುದು' ಎಂದರೆ ಇನ್ನೊಂದು ದೇಶ ಹಾಕಬಾರದು ಎಂದು ಅರ್ಥವಲ್ಲ. ಇದನ್ನು ಕೇಂದ್ರ ಸರಕಾರ 2008ರಲ್ಲೇ ಅಧಿಸೂಚನೆ ಹೊರಡಿಸಿ ಸ್ಪಷ್ಟಪಡಿಸಿದೆ. ಅಲ್ಲಿ ಕಟ್ಟಿದ ತೆರಿಗೆಯನ್ನು ಇಲ್ಲಿ ಕಳೆಯಬಹುದು, ಅಷ್ಟೇ. ಯುಎಇಯಲ್ಲಿ ವ್ಯಕ್ತಿಗಳ ಬಾಡಿಗೆ ಆದಾಯಕ್ಕೆ ಆದಾಯ ತೆರಿಗೆ ಇಲ್ಲ. ಅಲ್ಲಿ ಕಟ್ಟದ್ದನ್ನು ಇಲ್ಲಿ ಕಳೆಯುವುದು ಹೇಗೆ? ಲಂಡನ್‌ನಲ್ಲೋ ಬೇರೆ ಕಡೆಯೋ ಮನೆ ಇದ್ದು ಅಲ್ಲಿ ತೆರಿಗೆ ಕಟ್ಟುವವರಿಗೆ ಈ ಒಪ್ಪಂದಗಳಿಂದ ಪ್ರಯೋಜನ ಇದೆ. ಅವರು ಫಾರ್ಮ್ 67 ಸಲ್ಲಿಸಿ ಕಳೆಯುವಿಕೆ ಕೇಳಬಹುದು.

ಹಾಗಾದರೆ ಎಷ್ಟು ಕಟ್ಟಬೇಕು?

ಇದನ್ನು ಕೇಳಲು ನಮ್ಮವರಿಗೆ ಹೆದರಿಕೆ. ಲೆಕ್ಕ ನೋಡಿದರೆ ಅಷ್ಟು ಹೆದರಬೇಕಾದ್ದಿಲ್ಲ.

ದಿರ್ಹಮ್ಮನ್ನು ರೂಪಾಯಿಗೆ ಮಾಡುವುದು ಮಾರ್ಚ್ 31ರಂದು ಸ್ಟೇಟ್ ಬ್ಯಾಂಕಿನ ಟಿಟಿ ಖರೀದಿ ದರದಲ್ಲಿ. ಸುಲಭಕ್ಕೆ 22 ರೂಪಾಯಿ ಎಂದು ಇಟ್ಟುಕೊಳ್ಳೋಣ. 50,000 ದಿರ್ಹಮ್ ಅಂದರೆ 11 ಲಕ್ಷ. ಇದರಲ್ಲಿ ಶೇ 30, ಅಂದರೆ 3.3 ಲಕ್ಷ, ಯಾವ ಬಿಲ್ಲೂ ಕೇಳದೆ ಕಳೆಯುತ್ತಾರೆ. ರಿಪೇರಿ, ಪೈಂಟಿಂಗ್ ಎಲ್ಲ ಅದರೊಳಗೇ ಬಂತು ಎಂದು ಲೆಕ್ಕ. ಉಳಿದದ್ದು 7.7 ಲಕ್ಷ. ಊರಿನ ಅಂಗಡಿ ಬಾಡಿಗೆಯಲ್ಲಿ ಕಳೆದು ಉಳಿಯುವ ಆದಾಯ 3.3 ಲಕ್ಷ. ಒಟ್ಟು 11 ಲಕ್ಷ. 2023-24ರ ಹೊಸ ಪದ್ಧತಿಯ ದರದಲ್ಲಿ ಇದಕ್ಕೆ ತೆರಿಗೆ 75,000, ಸೆಸ್ ಸೇರಿ 78,000 ರೂಪಾಯಿ. ತಡವಾದುದಕ್ಕೆ ಬಡ್ಡಿ ಬೇರೆ.

2025-26ನೇ ಹಣಕಾಸು ವರ್ಷದಿಂದ ಹೊಸ ಪದ್ಧತಿಯಲ್ಲಿ ನಿವಾಸಿಗಳಿಗೆ 12 ಲಕ್ಷದವರೆಗಿನ ಇಂಥ ಆದಾಯಕ್ಕೆ ರಿಯಾಯಿತಿ ಇದೆ. ಅಂದರೆ ಇದೇ 11 ಲಕ್ಷಕ್ಕೆ ಆ ವರ್ಷ ತೆರಿಗೆ ಸೊನ್ನೆ! ಆದರೆ ತೆರಿಗೆ ಸೊನ್ನೆ ಎಂದು ಸುಮ್ಮನೆ ಕೂರುವಂತಿಲ್ಲ. ವಿದೇಶದಲ್ಲಿ ಆಸ್ತಿ ಅಥವಾ ಖಾತೆ ಇರುವ ಪೂರ್ಣ ನಿವಾಸಿ, ಆದಾಯ ಎಷ್ಟೇ ಕಡಿಮೆ ಇರಲಿ, ರಿಟರ್ನ್ ಸಲ್ಲಿಸಲೇಬೇಕು.

ಒಂದು ಎಚ್ಚರಿಕೆ. ಫ್ಲಾಟನ್ನು ನಾವೇ ದಿನಬಾಡಿಗೆಗೆ ಕೊಟ್ಟು, ಹೋಟೆಲಿನ ಹಾಗೆ ಸೇವೆಯನ್ನೂ ಕೊಟ್ಟರೆ ಅದು ವ್ಯಾಪಾರದ ಆದಾಯ ಎನಿಸಬಹುದು. ಆಗ ಲೆಕ್ಕವೇ ಬೇರೆ. ದುಬೈಯಲ್ಲೂ ಹಾಲಿಡೇ ಹೋಮ್‌ಗೆ ಅಲ್ಲಿನ ಪ್ರವಾಸೋದ್ಯಮ ಇಲಾಖೆಯ ಪರ್ಮಿಟ್ ಬೇಕು.

ದೊಡ್ಡ ಪೆಟ್ಟು ಎಲ್ಲಿ?

ಪೆಟ್ಟು ತೆರಿಗೆಯಲ್ಲಿ ಇಲ್ಲ, ಬಚ್ಚಿಡುವುದರಲ್ಲಿ ಇದೆ. ರಿಟರ್ನ್‌ನಲ್ಲಿ ಶೆಡ್ಯೂಲ್ ಎಫ್‌ಎ ಎಂಬ ಒಂದು ಪಟ್ಟಿ ಇದೆ. ವಿದೇಶದ ಮನೆ, ಬ್ಯಾಂಕ್ ಖಾತೆ, ಕಂಪೆನಿಯ ಪಾಲು ಎಲ್ಲವನ್ನೂ ಅಲ್ಲಿ ಬರೆಯಬೇಕು. ಈ ಪಟ್ಟಿಗೆ ಜನವರಿಯಿಂದ ಡಿಸೆಂಬರ್‌ವರೆಗಿನ ವರ್ಷ ಲೆಕ್ಕ. ಚಿಕ್ಕ ಫಾರ್ಮ್ ಐಟಿಆರ್-1ರಲ್ಲಿ ಈ ಪಟ್ಟಿಯೇ ಇಲ್ಲ. ವಿದೇಶದ ಆಸ್ತಿ ಇರುವವರು ಅದನ್ನು ಹಾಕುವಂತಿಲ್ಲ. ವ್ಯಾಪಾರ ಇಲ್ಲದವರಿಗೆ ಐಟಿಆರ್-2.

2015ರ ಕಪ್ಪುಹಣ ಕಾಯ್ದೆಯ ಪ್ರಕಾರ ಈ ಪಟ್ಟಿ ತುಂಬಿಸದಿದ್ದರೆ 10 ಲಕ್ಷ ರೂಪಾಯಿ ದಂಡ ಹಾಕಬಹುದು. 2024ರ ಅಕ್ಟೋಬರ್‌ನಿಂದ 20 ಲಕ್ಷ ರೂಪಾಯಿ ಒಳಗಿನ ಸಣ್ಣ ಖಾತೆ, ಶೇರುಗಳಿಗೆ ಈ ದಂಡದಿಂದ ವಿನಾಯಿತಿ ಕೊಟ್ಟಿದ್ದಾರೆ. ಆದರೆ ಮನೆ, ಫ್ಲಾಟ್ ಮುಂತಾದ ಸ್ಥಿರಾಸ್ತಿಗೆ ಆ ವಿನಾಯಿತಿ ಇಲ್ಲ. ಆಸ್ತಿ ಕೊಂಡ ಹಣದ ಮೂಲವನ್ನೇ ತೋರಿಸಲಾಗದಿದ್ದರೆ ಅದರ ಮೌಲ್ಯದ ಶೇ 30 ತೆರಿಗೆ, ಆ ತೆರಿಗೆಯ ಮೂರು ಪಟ್ಟು ದಂಡ. ಬೇಕೆಂದೇ ವಂಚಿಸಿದರೆ ಜೈಲಿಗೂ ಅವಕಾಶ ಇದೆ. ಆದ್ದರಿಂದ ಗಲ್ಫ್‌ನ ಹಳೆಯ ಸಂಬಳದ ಸರ್ಟಿಫಿಕೇಟ್, ಬ್ಯಾಂಕ್ ಸ್ಟೇಟ್‌ಮೆಂಟ್, ಫ್ಲಾಟಿನ ದಾಖಲೆ, ಹಳೆಯ ಪಾಸ್‌ಪೋರ್ಟ್ ಯಾವುದನ್ನೂ ಬಿಸಾಡಬೇಡಿ. ಅನಿವಾಸಿಯಾಗಿದ್ದಾಗ ದುಡಿದ ಹಣದಲ್ಲಿ ಕೊಂಡ ಫ್ಲಾಟನ್ನು ಊರಿಗೆ ಬಂದ ಮೇಲೂ ಇಟ್ಟುಕೊಳ್ಳಲು ಫೆಮಾ ಕಾನೂನು ಅನುಮತಿಸುತ್ತದೆ. ಇಟ್ಟುಕೊಳ್ಳುವುದು ತಪ್ಪಲ್ಲ, ಹೇಳದಿರುವುದು ತಪ್ಪು.

ಇಲಾಖೆಗೆ ಗೊತ್ತಾದದ್ದು ಹೇಗೆ ಎಂದು ಕೇಳುತ್ತೀರಾ? ವಿದೇಶದ ಬ್ಯಾಂಕುಗಳು ಬೇರೆ ದೇಶದ ನಿವಾಸಿಗಳ ಖಾತೆಯ ವಿವರವನ್ನು ತಮ್ಮ ಸರಕಾರಕ್ಕೆ ಕೊಡುತ್ತವೆ, ಆ ಸರಕಾರ ನಮ್ಮ ಸರಕಾರಕ್ಕೆ ಕಳುಹಿಸುತ್ತದೆ. ಯುಎಇ ಕೂಡ ಈ ವ್ಯವಸ್ಥೆಯಲ್ಲಿ ಇದೆ. ವೀಸಾ ಮುಗಿದಾಗ ಬ್ಯಾಂಕಿಗೆ ಊರಿನ ವಿಳಾಸ ಬರೆದು ಕೊಟ್ಟವರು ನಮ್ಮ ಹಿರಿಯರೇ.

ಮನೆಯ ಹೆಂಗಸರ ಹೆಸರು

ಆಡಿಟರ್ ಹೇಳಿದ ಇನ್ನೊಂದು ಮಾತು ಕೇಳಿ ನಾವೇ ಬೆಚ್ಚಿದೆವು. ಗಂಡ ಇನ್ನೂ ಗಲ್ಫ್‌ನಲ್ಲಿದ್ದಾನೆ, ಅವನು ಅನಿವಾಸಿ. ಹೆಂಡತಿ ಮಕ್ಕಳ ಜೊತೆ ಊರಿನಲ್ಲಿದ್ದಾಳೆ, ಅವಳು ಪೂರ್ಣ ನಿವಾಸಿ. ಫ್ಲಾಟನ್ನು ಪ್ರೀತಿಯಿಂದ ಇಬ್ಬರ ಹೆಸರಲ್ಲೂ ಮಾಡಿದ್ದಾನೆ, ಖಾತೆಯೂ ಜಂಟಿ. ಒಂದು ರೂಪಾಯಿ ಆದಾಯ ಇಲ್ಲದ ಆ ಹೆಣ್ಣುಮಗಳ ತಲೆ ಮೇಲೂ ರಿಟರ್ನ್ ಮತ್ತು ಪಟ್ಟಿಯ ಜವಾಬ್ದಾರಿ ಬಂದು ಕೂರಬಹುದು. ಬಾಪ ತೀರಿಕೊಂಡು ಅಲ್ಲಿನ ಫ್ಲಾಟ್ ಮಕ್ಕಳ ಪಾಲಿಗೆ ಬಂದರೂ ಅಷ್ಟೇ. ಊರಿನಲ್ಲಿರುವ ಪ್ರತಿ ವಾರಸುದಾರ ತನ್ನ ಪಾಲನ್ನು ತೋರಿಸಬೇಕು. ಇಂಥ ಮನೆಗಳು ನಮ್ಮಲ್ಲಿ ಎಷ್ಟಿಲ್ಲ! ಹೆಸರು ಸೇರಿಸುವ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಝಕಾತ್ ಕೊಟ್ಟಿದ್ದೇನಲ್ಲ?

ದಾರಿಯಲ್ಲಿ ಹಿರಿಯರು ನಮ್ಮನ್ನು ಕೇಳಿದ ಪ್ರಶ್ನೆ ಇದು. ಬಾಡಿಗೆಗೆ ಕೊಟ್ಟ ಕಟ್ಟಡದ ಮೌಲ್ಯದ ಮೇಲೆ ಝಕಾತ್ ಇಲ್ಲ. ಕೈಗೆ ಬಂದ ಬಾಡಿಗೆ ನಿಸಾಬ್ ಮುಟ್ಟಿ ಒಂದು ಚಾಂದ್ರಮಾನ ವರ್ಷ ಉಳಿದರೆ ಶೇ 2.5. ಅದು ಅಲ್ಲಾಹನ ಹಕ್ಕು, ಬಡವರ ಪಾಲು. ತೆರಿಗೆ ನಾವಿರುವ ದೇಶದ ಕಾನೂನಿನ ಬಾಕಿ. ಒಂದನ್ನು ಕೊಟ್ಟರೆ ಇನ್ನೊಂದು ತೀರುವುದಿಲ್ಲ. ಹೀಗೆ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ, ಎರಡೂ ಲೆಕ್ಕ ಚೊಕ್ಕ ಇರಲಿ" ಎಂದರು.

ಏನು ಮಾಡಿದರು?

2023-24ರ ರಿಟರ್ನನ್ನು ಡಿಸೆಂಬರ್ ಎರಡನೇ ವಾರದಲ್ಲಿ ತಿದ್ದಿ ಸಲ್ಲಿಸಿದರು. ಫ್ಲಾಟ್, ಖಾತೆ, ಬಾಡಿಗೆ ಎಲ್ಲವನ್ನೂ ತೋರಿಸಿದರು. ಅದರ ಹಿಂದಿನ ಎರಡು ವರ್ಷಕ್ಕೆ ಐಟಿಆರ್-ಯು ಎಂಬ ಅಪ್‌ಡೇಟೆಡ್ ರಿಟರ್ನ್ ಹಾಕಿದರು. ಅದರಲ್ಲಿ ತೆರಿಗೆ ಮತ್ತು ಬಡ್ಡಿಯ ಮೇಲೆ ಹೆಚ್ಚುವರಿ ಕಟ್ಟಬೇಕು. ಅವರಿಗೆ ಒಂದು ವರ್ಷಕ್ಕೆ ಶೇ 25, ಇನ್ನೊಂದಕ್ಕೆ ಶೇ 50 ಬಿತ್ತು. ಈಗ ಆ ಅವಕಾಶವನ್ನು ನಾಲ್ಕು ವರ್ಷದವರೆಗೆ ವಿಸ್ತರಿಸಿದ್ದಾರೆ. ತಡ ಮಾಡಿದಷ್ಟೂ ಹೆಚ್ಚುವರಿ ಏರುತ್ತದೆ, ಶೇ 70ರವರೆಗೂ. ಇಲಾಖೆ ತಾನಾಗಿ ಪ್ರಕರಣ ಹಿಡಿದ ಮೇಲೆ ಈ ಬಾಗಿಲು ಮುಚ್ಚಿಹೋಗಬಹುದು.

ಇದರಿಂದ ಹಳೆಯ ವರ್ಷಗಳಲ್ಲಿ ಪಟ್ಟಿ ಕೊಡದ ಲೋಪ ಪೂರ್ತಿ ಅಳಿಸಿಹೋಗಲಿಲ್ಲ. ದಂಡ ಹಾಕುವ ಅಧಿಕಾರ ಇಲಾಖೆಗೆ ಉಳಿದೇ ಇದೆ ಎಂದು ಆಡಿಟರ್ ಮುಚ್ಚುಮರೆಯಿಲ್ಲದೆ ಹೇಳಿದರು. ಕೇಳಿದರೆ ತೋರಿಸಲು ಕಾಗದಗಳಿವೆ, ತಾವಾಗಿ ಬಂದು ಕಟ್ಟಿದ ರಸೀದಿ ಇದೆ. ಇಷ್ಟರವರೆಗೆ ನೋಟಿಸ್ ಬಂದಿಲ್ಲ.

ಮೊನ್ನೆ ಸಿಕ್ಕಾಗ, "ಈಗ ಮನೆಯಲ್ಲಿ ಎಲ್ಲರಿಗೂ ಗೊತ್ತುಂಟು ಉಸ್ತಾದ್. ಫ್ಲಾಟಿನ ಕಾಗದ ಎಲ್ಲಿದೆ, ಖಾತೆ ಯಾವುದು, ಎಲ್ಲ ಒಂದು ಪುಸ್ತಕದಲ್ಲಿ ಬರೆದು ಹೆಂಡತಿಯ ಕೈಗೆ ಕೊಟ್ಟಿದ್ದೇನೆ" ಎಂದರು. ನಾಳೆ ತಾನಿಲ್ಲದಿದ್ದರೆ ಮಕ್ಕಳು ಕತ್ತಲಲ್ಲಿ ತಡಕಾಡಬಾರದು ಎಂಬುದು ಅವರ ಯೋಚನೆ.

ನಿಮ್ಮ ಮನೆಯಲ್ಲೂ ಯಾರಾದರೂ ಗಲ್ಫ್ ಬಿಟ್ಟು ಊರಿಗೆ ಬಂದಿದ್ದರೆ, ಅಥವಾ ಬರುವ ಯೋಚನೆಯಲ್ಲಿದ್ದರೆ, ಅಲ್ಲಿ ಏನೇನು ಉಳಿದಿದೆ ಎಂದು ಒಮ್ಮೆ ಕೂತು ಕೇಳಿ. ಬಂದ ದಿನಾಂಕ ಬರೆದಿಡಿ. ಪಾಸ್‌ಪೋರ್ಟ್ ಹಿಡಿದುಕೊಂಡು ಒಬ್ಬ ಒಳ್ಳೆಯ ಆಡಿಟರ್ ಬಳಿ ಹೋಗಿ. ಮೆಸೇಜ್ ಬರುವವರೆಗೆ ಕಾಯಬೇಡಿ.