‘ಸ್ಮೂತ್’ ಅಂದರೆ ಏನು ಸ್ವಾಮೀ?

ಪ್ರಶ್ನೆ: ಹಬ್ಬಕ್ಕೆ ಬೆಂಗಳೂರಿನಿಂದ ಬರುವ ಅಕ್ಕನ ಮಗ ಬಿಯರ್ ಬಗ್ಗೆ ‘ಸ್ಮೂತ್’, ‘ಕ್ರಿಸ್ಪ್’, ‘ಸೆಷನ್’ ಅಂತೆಲ್ಲ ಹೇಳ್ತಾನೆ. ಹಾಗಂದರೇನು? ನಮ್ಮ ಸೊರಬ, ಶಿಕಾರಿಪುರದ ಕಡೆ ‘ಸ್ಟ್ರಾಂಗ್’ ಬಿಟ್ಟರೆ ಬೇರೆ ಮಾತೇ ಇಲ್ಲ.

ಉತ್ತರ: ‘ಸ್ಮೂತ್’ ಅಂದರೆ ಗಂಟಲ ಜೊತೆ ಜಗಳಕ್ಕೆ ನಿಲ್ಲದ ಬಿಯರ್ ಅಂತ ಅರ್ಥ. ಕಹಿ ಕಡಿಮೆ, ನಾಲಿಗೆಗೆ ಒರಟಿಲ್ಲ. ‘ಕ್ರಿಸ್ಪ್’ ಎಂದರೆ ಗ್ಯಾಸಿನ ಚುರುಕು ಇದ್ದು, ನುಂಗಿದ ಮೇಲೆ ಬಾಯಲ್ಲಿ ಸಿಹಿ ಅಂಟಿಕೊಳ್ಳದಿರುವುದು. ‘ಸೆಷನ್’ ರುಚಿಯ ಮಾತೇ ಅಲ್ಲ, ಮದ್ಯಸಾರ ಶೇ. 5ರ ಒಳಗಿದೆ, ಹರಟೆ ಮುಗಿಯುವ ತನಕ ಕೂರಬಹುದು ಎಂಬ ಲೆಕ್ಕ. ನಿಮ್ಮ ‘ಸ್ಟ್ರಾಂಗ್’ ಶೇ. 8ರವರೆಗೂ ಹೋಗುತ್ತದೆ.

2010ರಲ್ಲಿ ಬೆಂಗಳೂರಿನ ಇಂದಿರಾನಗರದಲ್ಲಿ ಶುರುವಾದ ಟಾಯ್ಟ್‌ನಂಥ, ಅಲ್ಲೇ ಬಿಯರ್ ಕಾಸುವ ಜಾಗಗಳಿಂದ ಈ ಮಾತುಗಳು ಹಬ್ಬಿದವು. ಅಲ್ಲಿನ ಗೋಧಿ ಬಿಯರನ್ನು ಮೂಗಿನ ಹತ್ತಿರ ಹಿಡಿದರೆ ಕಳಿತ ಬಾಳೆಹಣ್ಣು, ಲವಂಗದ ಘಮ. ಹಾಗಂತ ಹಣ್ಣು ಹಾಕಿರುವುದಿಲ್ಲ, ಎಲ್ಲ ಯೀಸ್ಟಿನ ಕೈವಾಡ.

ಆದರೆ ನಿಮ್ಮ ಕಡೆ ಮಾತಿಲ್ಲ ಎಂಬುದನ್ನು ನಾನು ಒಪ್ಪಲಾರೆ. ದೀವರ ಸಮುದಾಯದವರು ಬಗನಿ ಮರದಿಂದ ಹೆಂಡ ಇಳಿಸುತ್ತಿದ್ದ ಸೀಮೆ ಅದು. ಬೆಳಗಿನದು ಸಿಹಿ, ಹೊತ್ತೇರಿದಂತೆ ಹುಳಿ, ಆಮೇಲೆ ಘಾಟು. ‘ಒಗರು’, ‘ಸಪ್ಪೆ’, ‘ಕಡಕ್’ ಎಲ್ಲ ನಮ್ಮವೇ. ಇನ್ನು ಮಾವಿನಕಾಯಿಯ ಅಪ್ಪೆಹುಳಿಯನ್ನು ಲೋಟದ ಮೇಲೆ ಲೋಟ ಇಳಿಸಿ ‘ಹಿತವಾಗಿದೆ’ ಅನ್ನುತ್ತೀರಲ್ಲ, ಅಕ್ಕನ ಮಗನ ‘ಸ್ಮೂತ್’ ಅದೇ.