ಒಂದು ಗಳಿಗೆಯ ಬೇಲಿ

“ಒಂದು ಗಳಿಗೆಯೂ ಪುರಸೊತ್ತಿಲ್ಲ” ಎಂಬ ಮಾತು ನಮ್ಮ ಮನೆಗಳಲ್ಲಿ ದಿನಕ್ಕೆ ಎಷ್ಟು ಸಲ ಕೇಳಿಬರುತ್ತದೆಯೋ! ಹೇಳುವವರು ಅದನ್ನು ಲೆಕ್ಕವೆಂದು ಹೇಳುವುದಿಲ್ಲ; ಕೇಳುವವರೂ ಲೆಕ್ಕವೆಂದು ಕೇಳುವುದಿಲ್ಲ. ಆದರೆ ಗಳಿಗೆ ಎಂಬುದು ಹಿಂದೆ ಅಚ್ಚುಕಟ್ಟಾದ ಒಂದು ಅಳತೆಯಾಗಿತ್ತು. ಸಂಸ್ಕೃತದ ಘಟಿಕೆಯೇ ನಮ್ಮ ಬಾಯಲ್ಲಿ ಗಳಿಗೆಯಾದದ್ದು. ಹಗಲಿರುಳು ಕೂಡಿದ ಒಂದು ದಿನಕ್ಕೆ ೬೦ ಗಳಿಗೆ. ಈಗಿನ ಲೆಕ್ಕದಲ್ಲಿ ಒಂದು ಗಳಿಗೆಗೆ ೨೪ ನಿಮಿಷ. ಎರಡು ಗಳಿಗೆಗೆ ಒಂದು ಮುಹೂರ್ತ, ಏಳೂವರೆ ಗಳಿಗೆಗೆ ಒಂದು ಜಾವ. ಹೀಗೆ ಎಣಿಸಿ ನೋಡಿದರೆ ಆ ವಾಡಿಕೆಯ ಮಾತು ಒಂದು ಗಂಭೀರವಾದ ದೂರಾಗುತ್ತದೆ. ದಿನದ ಅರವತ್ತು ಗಳಿಗೆಗಳಲ್ಲಿ ತನ್ನದೆನ್ನುವ ಒಂದೇ ಒಂದು ಗಳಿಗೆ ಮನೆವಾರ್ತೆ ನಡೆಸುವವರಿಗೆ ಇಲ್ಲವೆಂದರೆ ಅದು ನಕ್ಕು ಬಿಡುವ ವಿಷಯವೇ?

ಗಳಿಗೆಯನ್ನು ಅಳೆಯುತ್ತಿದ್ದ ಸಾಧನ ಗಳಿಗೆ ಬಟ್ಟಲು. ತಾಮ್ರದ ಬಟ್ಟಲು, ತಳದಲ್ಲಿ ಒಂದು ಸಣ್ಣ ರಂಧ್ರ. ನೀರು ತುಂಬಿದ ದೊಡ್ಡ ಪಾತ್ರೆಯಲ್ಲಿ ಅದನ್ನು ತೇಲಬಿಟ್ಟರೆ ರಂಧ್ರದಿಂದ ನೀರು ಒಳಗೇರಿ, ಬಟ್ಟಲು ಮೆಲ್ಲಮೆಲ್ಲನೆ ತುಂಬಿ, ಕೊನೆಗೆ ಮುಳುಗುತ್ತದೆ. ಮುಳುಗಿತೆಂದರೆ ಗಳಿಗೆ ಕಳೆಯಿತು. ಕಾದು ಕುಳಿತವನು ಅದನ್ನೆತ್ತಿ, ಬರಿದು ಮಾಡಿ, ಮತ್ತೆ ತೇಲಬಿಡಬೇಕು. ಹಗಲಿರುಳಿನಲ್ಲಿ ಅರವತ್ತು ಸಲ ಮುಳುಗುವ ಇಂಥ ಬಟ್ಟಲಿನ ವರ್ಣನೆ ಸೂರ್ಯಸಿದ್ಧಾಂತದಲ್ಲಿದೆ.

ಈ ಬಟ್ಟಲಿನ ಸುತ್ತ ಒಂದು ಕಥೆಯೂ ಉಂಟು. ಭಾಸ್ಕರಾಚಾರ್ಯನು ೧೧೫೦ರಲ್ಲಿ ರಚಿಸಿದ ‘ಲೀಲಾವತಿ’ಯನ್ನು ೧೫೮೭ರಲ್ಲಿ ಪಾರಸಿಗೆ ತಂದ ಅಕ್ಬರನ ಆಸ್ಥಾನಕವಿ ಫೈಜಿ ಅದನ್ನು ಹೇಳಿದ್ದಾನೆ. ಆಚಾರ್ಯನ ಮಗಳು ಲೀಲಾವತಿಯ ಮದುವೆಯ ಮುಹೂರ್ತಕ್ಕೆಂದು ಬಟ್ಟಲನ್ನು ತೇಲಬಿಟ್ಟಿದ್ದರು. ಕುತೂಹಲದಿಂದ ಬಗ್ಗಿ ನೋಡಿದ ಹುಡುಗಿಯ ಉಡುಗೆಯಿಂದ ಒಂದು ಮುತ್ತು ಜಾರಿ ಬಿದ್ದು ರಂಧ್ರಕ್ಕೆ ಅಡ್ಡವಾಯಿತು. ನೀರು ಏರಲಿಲ್ಲ, ಬಟ್ಟಲು ಮುಳುಗಲಿಲ್ಲ, ಮುಹೂರ್ತ ಮೀರಿಹೋಯಿತು. ಇದನ್ನು ಇತಿಹಾಸವೆಂದು ಯಾರೂ ನಂಬಬೇಕಾಗಿಲ್ಲ. ಆದರೆ ಮನೆಯಲ್ಲಿ ಕುಳಿತು ಓದಲು, ಬರೆಯಲು ಹೊರಟವರಿಗೆ ಇದರ ಅರ್ಥ ಬೇಗ ಹೊಳೆಯುತ್ತದೆ. ಅಲ್ಲಿ ನಮ್ಮ ಹೊತ್ತಿಗೆ ಅಡ್ಡವಾಗುವುದು ಕಲ್ಲಲ್ಲ, ಮುತ್ತು. ಮಗುವಿನ ಕರೆ, ಅತ್ತೆಯವರ ಕಾಫಿ, ಬಾಗಿಲಿಗೆ ಬಂದ ನೆಂಟರು, ಇವುಗಳಲ್ಲಿ ಯಾವುದನ್ನು ಬೇಡವೆನ್ನೋಣ?

ಗಡಿಯಾರಕ್ಕೂ ಈ ಬಟ್ಟಲಿಗೂ ಒಂದು ವ್ಯತ್ಯಾಸವಿದೆ. ಗಡಿಯಾರವನ್ನು ನಾವು ಕೇಳುವ ಪ್ರಶ್ನೆ “ಈಗೆಷ್ಟು ಹೊತ್ತು?” ಎಂದು, ಬಟ್ಟಲನ್ನು ಕೇಳುವುದು “ಇನ್ನೆಷ್ಟು ಹೊತ್ತು?” ಎಂದು. ೧೯೬೧ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಕಾರದಿಂದ ಎಚ್.ಎಂ.ಟಿ. ಬೆಂಗಳೂರಿನಲ್ಲಿ ಕೈಗಡಿಯಾರದ ಕಾರ್ಖಾನೆ ತೆರೆದ ಮೇಲೆ ಮೊದಲನೆಯ ಪ್ರಶ್ನೆಗೆ ಉತ್ತರ ಎಷ್ಟೋ ಜನರ ಮಣಿಕಟ್ಟಿನಲ್ಲೇ ದೊರೆಯತೊಡಗಿತು. ಎರಡನೆಯದನ್ನು ಕೈಬಿಡದೆ ಉಳಿಸಿಕೊಂಡದ್ದು ಅಡಿಗೆಮನೆ. “ಬೇಳೆಗೆ ಮೂರು ಕೂಗು ಸಾಕು” ಎನ್ನುವ ಗೃಹಿಣಿ ಗಡಿಯಾರದತ್ತ ನೋಡುವುದಿಲ್ಲ. ಆವಿಯ ಒತ್ತಡ ಹೆಚ್ಚಿದಾಗ ಕುಕ್ಕರಿನ ಮೇಲಣ ತೂಕ ಎದ್ದು ಕೂಗುತ್ತದೆ, ಅಷ್ಟೆ. ಕಾಲವನ್ನು ಅಳೆಯುವ ಉದ್ದೇಶ ಅದಕ್ಕಿಲ್ಲ. ಅದನ್ನು ಅಳತೆಗೋಲಾಗಿ ಮಾಡಿಕೊಂಡದ್ದು ನಮ್ಮ ಹೆಂಗಸರ ಜಾಣತನ.

ಓದಿನ ಕೋಣೆಗೆ ಈ ಉಪಾಯ ಬಂದದ್ದು ಕೂಡ ಅಡಿಗೆಮನೆಯಿಂದಲೇ. ೧೯೮೦ರ ದಶಕದ ಕೊನೆಯಲ್ಲಿ ಇಟಲಿಯ ಫ್ರಾಂಚೆಸ್ಕೊ ಚಿರಿಲ್ಲೊ ಎಂಬ ಕಾಲೇಜು ವಿದ್ಯಾರ್ಥಿ, ಪಾಠದಲ್ಲಿ ಮನಸ್ಸು ನಿಲ್ಲದೆ, ಟೊಮೇಟೊ ಹಣ್ಣಿನ ಆಕಾರದ ಅಡಿಗೆಮನೆಯ ಟೈಮರನ್ನು ತಿರುಗಿಸಿಟ್ಟುಕೊಂಡು ಓದಲು ಕುಳಿತ. ಮುಂದೆ ಅದೊಂದು ಕ್ರಮವಾಗಿ ಬೆಳೆಯಿತು: ೨೫ ನಿಮಿಷ ಒಂದೇ ಕೆಲಸ, ೫ ನಿಮಿಷ ವಿರಾಮ; ಇಂಥ ನಾಲ್ಕು ಸುತ್ತು ಮುಗಿದರೆ ದೀರ್ಘ ವಿಶ್ರಾಂತಿ. ಇಟಲಿಯ ಮಾತಿನಲ್ಲಿ ಟೊಮೇಟೊ ಹಣ್ಣಿಗೆ ಪೊಮೊದೊರೊ ಎನ್ನುವುದರಿಂದ ಆ ಕ್ರಮಕ್ಕೂ ಅದೇ ಹೆಸರು ನಿಂತಿತು. ಅವನ ೨೫ ನಿಮಿಷ ನಮ್ಮ ಗಳಿಗೆಗಿಂತ ಒಂದೇ ನಿಮಿಷ ದೊಡ್ಡದು. ಎಲ್ಲವೂ ನಮ್ಮಲ್ಲಿ ಮೊದಲೇ ಇತ್ತೆಂದು ಬೀಗುವುದಕ್ಕಾಗಿ ಇದನ್ನು ಹೇಳುತ್ತಿಲ್ಲ. ಗಳಿಗೆ ಹುಟ್ಟಿದ್ದು ದಿನವನ್ನು ಅರವತ್ತಾಗಿ ಭಾಗಿಸಿದ ಗಣಿತದಿಂದ. ಅವನ ಅಳತೆ ಹುಟ್ಟಿದ್ದು ಮನಸ್ಸನ್ನು ಪರೀಕ್ಷಿಸಿ ನೋಡಿದ್ದರಿಂದ. ಎರಡೂ ಹತ್ತಿರ ಬಂದದ್ದು ಆಕಸ್ಮಿಕವೇ ಇರಬಹುದು. ಆದರೂ ಅದು ಮನಸ್ಸು ಒಂದೆಡೆ ನಿಲ್ಲಬಲ್ಲಷ್ಟು, ಮನೆಯವರು ಸೈರಿಸಬಲ್ಲಷ್ಟು ಹೊತ್ತು.

ಮನೆಯವರು ಸೈರಿಸುವ ಈ ಮಾತು ಮುಖ್ಯವಾದದ್ದು. ನಾನಿರುವ ದೊಡ್ಡಬೆಳವಂಗಲ ದೊಡ್ಡಬಳ್ಳಾಪುರ ತಾಲ್ಲೂಕಿನ ಒಂದು ಹೋಬಳಿಯ ಊರು. ನನ್ನ ತರಗತಿಗೆ ಬರುವ ಹೆಣ್ಣುಮಕ್ಕಳಲ್ಲಿ ಹಲವರ ಮನೆಯಲ್ಲಿ ಹಸುಗಳಿವೆ. ಕೆಲವರಲ್ಲಿ ರೇಷ್ಮೆ ಹುಳು. ಪೇಟೆಯ ಕಡೆಯವರಲ್ಲಿ ಮಗ್ಗ, ಕಂಡಿಕೆ ಸುತ್ತುವ ಕೆಲಸ. ಪರೀಕ್ಷೆಗೆ ಮುಂಚೆ ಒಬ್ಬ ವಿದ್ಯಾರ್ಥಿನಿ ಹೇಳಿದ ಮಾತು ನನ್ನ ಮನಸ್ಸಿನಲ್ಲಿ ಉಳಿದಿದೆ. “ಓದ್ಕೋಬೇಕು ಅಂದ್ರೆ ಯಾರೂ ಕೇಳಲ್ಲ ಮೇಡಂ. ‘ಗಂಟೆ ಹೊಡೀಲಿ ಅಮ್ಮ, ಬರ್ತೀನಿ’ ಅಂದ್ರೆ ಸುಮ್ನಾಗ್ತಾರೆ.” ಅವಳು ಕೀಲಿ ಕೊಡುವ ಸಣ್ಣ ಟೈಮರೊಂದನ್ನು ಗೂಡಿನಲ್ಲಿಟ್ಟು ಓದುತ್ತಿದ್ದಳು. ಅದರ ಟಿಕ್ ಟಿಕ್ ಸದ್ದು ಮನೆಗೆಲ್ಲ ಕೇಳಿಸುತ್ತಿತ್ತು. ಮಗಳ ಮಾತಿಗೆ ಇಲ್ಲದ ಬೆಲೆ ತಗಡಿನ ಗಂಟೆಗೆ ಬಂದದ್ದು ಸಂತೋಷದ ಸಂಗತಿಯೇನಲ್ಲ. ಆದರೂ “ಆಮೇಲೆ ಬರುತ್ತೇನೆ” ಎಂಬುದಕ್ಕೆ ಎಲ್ಲೆಯಿಲ್ಲ. “ಗಂಟೆಯಾದ ಮೇಲೆ” ಎಂಬುದಕ್ಕೆ ಎಲ್ಲೆಯಿದೆ. ತಾಯಿಗೆ ಬೇಕಾಗಿದ್ದುದು ಆ ಭರವಸೆ. ಟೈಮರು ಹೊಲದ ಬೇಲಿಯಂತೆ. ಒಳಗಿನ ಪೈರನ್ನು ಕಾಯುತ್ತದೆ, ಹೊರಗಿನವರಿಗೆ ದಾರಿ ಎಲ್ಲಿಂದ ಎಂಬುದನ್ನೂ ತೋರಿಸುತ್ತದೆ. ಕೈಫೋನಿನಲ್ಲೂ ಟೈಮರು ಇದೆಯೆಂದು ಕೆಲವರು ಹೇಳಬಹುದು. ಇದೆ; ಆದರೆ ಬೇಲಿ ಮುರಿಯುವ ಮೇಕೆಯನ್ನೇ ಕಾವಲಿಗೆ ಕಟ್ಟಿದಂತೆ.

ಈ ಬೇಲಿ ಯಾರಿಗೆ ಹೆಚ್ಚು ಬೇಕು? ಕೇಂದ್ರ ಸರ್ಕಾರ ೨೦೧೯ರಲ್ಲಿ ನಡೆಸಿದ ಕಾಲ ಬಳಕೆಯ ಸಮೀಕ್ಷೆಯಂತೆ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸು ದಿನಕ್ಕೆ ಸರಾಸರಿ ೨೯೯ ನಿಮಿಷಗಳನ್ನೂ ಗಂಡಸು ೯೭ ನಿಮಿಷಗಳನ್ನೂ ಅದಕ್ಕೆ ಕೊಡುತ್ತಾರೆ. ನಮ್ಮ ಅಳತೆಯಲ್ಲಿ ಹೇಳುವುದಾದರೆ ಅವಳದು ಸುಮಾರು ಹನ್ನೆರಡೂವರೆ ಗಳಿಗೆ, ಅವನದು ನಾಲ್ಕು. ಅಷ್ಟಾದರೂ ಕೊಡುವ ಗಂಡಸರು ನೂರಕ್ಕೆ ೨೬ ಮಂದಿ ಮಾತ್ರ. ಹೆಂಗಸರು ೮೧ ಮಂದಿ. ಆದ್ದರಿಂದ ಟೈಮರನ್ನು ಓದುವವರ ಪಕ್ಕದಲ್ಲಿ ಮಾತ್ರವೇ ಇಟ್ಟರೆ ಸಾಲದು. ಪಾತ್ರೆ ತೊಳೆಯುವ ಕಲ್ಲಿನ ಪಕ್ಕದಲ್ಲೂ ಇಡಬೇಕು. ರಾತ್ರಿ ಊಟವಾದ ಮೇಲೆ ಒಂದು ಗಳಿಗೆ ಮನೆಯವರೆಲ್ಲರೂ ಎದ್ದು ಕೈಹಾಕಿದರೆ, ಒಬ್ಬಳೇ ಒಂದು ಮುಹೂರ್ತ ಮಾಡುವ ಕೆಲಸ ಅಷ್ಟರಲ್ಲೇ ಮುಗಿಯುತ್ತದೆ. ನಮ್ಮ ಮನೆಯಲ್ಲಿ ಈ ಪದ್ಧತಿ ನಡೆಯುತ್ತಿದೆ. ಗಂಟೆಯ ಸದ್ದಿಗೆ ಮಕ್ಕಳು ಆಟವೆಂದು ಓಡಿಬರುತ್ತಾರೆ. ದೊಡ್ಡವರು ನಾಚಿಕೆಯಿಂದ ಏಳುತ್ತಾರೆ.

ಇಷ್ಟು ಹೇಳಿದ ಮಾತ್ರಕ್ಕೆ ಮನೆಯ ಎಲ್ಲ ಕೆಲಸವನ್ನೂ ಗಂಟೆಗೆ ಕಟ್ಟಬಹುದೆಂದು ಭಾವಿಸಬಾರದು. ದೊರೆತ ಹೊತ್ತೆಲ್ಲ ತುಂಬುವವರೆಗೂ ಕೆಲಸ ಹಿಗ್ಗುತ್ತದೆಂದು ಪಾರ್ಕಿನ್‌ಸನ್ ೧೯೫೫ರಲ್ಲಿ ಕಚೇರಿಗಳನ್ನು ಕುರಿತು ಹಾಸ್ಯಮಾಡಿದ. ಬೀರು ಜೋಡಿಸುವುದು, ಧೂಳು ಹೊಡೆಯುವುದು ಇಂಥ ಕೆಲಸಗಳ ಮಟ್ಟಿಗೆ ಅದು ಮನೆಗೂ ಸಲ್ಲುವ ಮಾತು. ಅಲ್ಲಿ ಗಂಟೆ ಹೊಡೆದರೆ ನಿಲ್ಲಿಸುವುದೇ ವಿವೇಕ. ಆದರೆ ತಮ್ಮದೇ ಗಡಿಯಾರವಿರುವ ಕೆಲಸಗಳೂ ಉಂಟು. ದೋಸೆ ಹಿಟ್ಟು ಹುಳಿಯಾಗುವುದು ಚಳಿ ಸೆಕೆಗಳನ್ನು ನೋಡಿಕೊಂಡು. ರೇಷ್ಮೆ ಹುಳು ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರವೆನ್ನುತ್ತಾರೆ. ನಾಲ್ಕನೆಯ ಜ್ವರ ಕಳೆದ ಮೇಲೆ ಅದು ಹಗಲಿರುಳೆನ್ನದೆ ಸೊಪ್ಪು ಮೇಯುತ್ತದೆ, ಮನೆಯವರ ನಿದ್ದೆಯನ್ನೂ ಮೇಯುತ್ತದೆ. ಜ್ವರ ಬಂದ ಮಗುವಿನ ಹಣೆಯ ಮೇಲೆ ಕೈಯಿಟ್ಟು ಕುಳಿತ ತಾಯಿಯ ಎದುರಿಗೆ ಯಾವ ಟೈಮರೂ ಮಾತನಾಡಕೂಡದು. ಅಳತೆಯಿಂದ ಅನುಕೂಲವಾಗುವಷ್ಟೇ ಸುಲಭವಾಗಿ ಅದು ಚಾವಟಿಯೂ ಆಗಬಲ್ಲದು. ಗಂಟೆಯನ್ನು ತಾನು ತನಗಾಗಿ ಇಟ್ಟುಕೊಳ್ಳುವುದು ಬೇರೆ; ಇನ್ನೊಬ್ಬರ ತಲೆಯ ಮೇಲೆ ಇಡುವುದು ಬೇರೆ.

ವಿದ್ಯಾರ್ಥಿಗಳು ನನ್ನನ್ನು ಕೇಳುವುದುಂಟು, ದಿನಕ್ಕೆ ಎಷ್ಟು ಗಳಿಗೆ ಓದಬೇಕೆಂದು. ಎರಡು ಸಿಕ್ಕಿದರೆ ಒಳ್ಳೆಯದು. ಒಂದಾದರೂ ಮುರಿಯದೆ ಸಿಗಲಿ. ಮನೆಯ ಹಿರಿಯರಿಗೆ ನನ್ನ ವಿನಂತಿ ಇನ್ನೂ ಚಿಕ್ಕದು: ಒಳಗೆ ಟಿಕ್ ಟಿಕ್ ಎಂಬ ಸದ್ದು ಕೇಳಿಸುತ್ತಿದ್ದರೆ ಆ ಹುಡುಗಿಯನ್ನು ಕೂಗಬೇಡಿ. ಹಾಲು ಉಕ್ಕುವಂತಿದ್ದರೆ ಒಲೆಯ ಹತ್ತಿರ ಇರುವವರು ಯಾರಾದರೂ ಇಳಿಸಬಹುದು.